ಹಳೇ ಎಂಜಿಬಿಗೆ ವೆಬರ್ ಮ್ಯಾನಿಫೋಲ್ಡ್: ಬೋಲ್ಟ್ ಬಿಗಿದರೆ ಸಾಕಾ?

ತಾತನ ಕಾಲದ 1967ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ, ಜೋಡಿ ಎಸ್‌ಯು ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ತೆಗೆದು 45 ಡಿಸಿಒಇ ಅನ್ನುವ ವೆಬರ್ ಕಾರ್ಬುರೇಟರ್ ಕೂರಿಸುವ ಮ್ಯಾನಿಫೋಲ್ಡ್ (ಆ ಮಿಶ್ರಣವನ್ನು ಎಂಜಿನ್‌ಗೆ ಒಯ್ಯುವ ಇನ್‌ಟೇಕ್ ಕೊಳವೆ) ತರಿಸಿದ್ದೇನೆ, ಹಳೇದು ಬಿಚ್ಚಿ ಹೊಸದು ಬಿಗಿದರೆ ಆಯ್ತಾ, ಮೈಸೂರಲ್ಲಿ ಯಾರಾದರೂ ಮಾಡಿದ್ದೀರಾ ಅಂತ ಕೇಳಿದ್ದೀರಿ. ನಾನು ಮಾಡಿದ್ದೇನೆ. ನಮ್ಮ ಚಿಕ್ಕಪ್ಪನ ಗಾಡಿಗೆ, ಕುವೆಂಪುನಗರದ ಮನೆ ಶೆಡ್ಡಿನಲ್ಲಿ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ, ಎರಡು ತಿಂಗಳು ಹಿಡಿಯಿತು.

ಮೊದಲು ಒಂದು ಕೆಲಸ ಮಾಡಿ. ವರ್ನಿಯರ್ ತಗೊಂಡು ಹೊಸ ಮ್ಯಾನಿಫೋಲ್ಡಿನ ಫ್ಲ್ಯಾಂಜ್ (ಎಂಜಿನ್‌ಗೆ ಒತ್ತಿ ಕೂರುವ ಅಂಚು) ಎಷ್ಟು ದಪ್ಪ ಇದೆ ನೋಡಿ. ಆಮೇಲೆ ಗಾಡಿಯಲ್ಲಿರುವ ಎಕ್ಸಾಸ್ಟ್ (ಹೊಗೆ ಹೊರಹೋಗುವ) ಮ್ಯಾನಿಫೋಲ್ಡಿನ ಫ್ಲ್ಯಾಂಜ್ ನೋಡಿ. ಈ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಒಂದೇ ಗ್ಯಾಸ್ಕೆಟ್. ನಡುವಿನ ಸ್ಟಡ್‌ಗಳಲ್ಲಿ ಒಂದು ದೊಡ್ಡ ದಪ್ಪ ವಾಷರ್ ಎರಡೂ ಫ್ಲ್ಯಾಂಜಿನ ಮೇಲೆ ಅರ್ಧರ್ಧ ಕೂತು ಎರಡನ್ನೂ ಒತ್ತಿ ಹಿಡಿಯುತ್ತದೆ. ಎರಡರ ದಪ್ಪ ಒಂದೇ ಇಲ್ಲದಿದ್ದರೆ ವಾಷರ್ ಓರೆಯಾಗುತ್ತದೆ. ನಟ್ಟು ಎಷ್ಟೇ ಬಿಗಿದರೂ ತೆಳ್ಳಗಿರುವ ಕಡೆ ಒತ್ತಡ ಬೀಳುವುದೇ ಇಲ್ಲ, ಅಲ್ಲಿ ಸಂದು ಉಳಿದು ಗಾಳಿ ಸೋರುತ್ತದೆ.

ನಮ್ಮದರಲ್ಲಿ ಆಗಿದ್ದು ಅದೇ. ಹೊಸ ಇನ್‌ಟೇಕ್ ಒಂದೂವರೆ ಮಿಲಿಮೀಟರ್ ತೆಳ್ಳಗಿತ್ತು. ಮಾರಿದವರು ‘ಹಾಗೇ ಕೂರುತ್ತೆ’ ಅಂದಿದ್ದರು. ಗಾಡಿ ಸ್ಟಾರ್ಟ್ ಆಯ್ತು, ಆದರೆ ಐಡಲ್ (ನಿಂತಲ್ಲೇ ಎಂಜಿನ್ ತಿರುಗುವ ವೇಗ) ನಿಲ್ಲಲಿಲ್ಲ. ಒಂದು ಸಲ 600 ಆರ್‌ಪಿಎಂ, ಇನ್ನೊಂದು ಸಲ 1,500. ನಾನು ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಬದಲಾಯಿಸಿದೆ, ಇಗ್ನಿಷನ್ ಪಾಯಿಂಟ್ ಬದಲಾಯಿಸಿದೆ, ಪೆಟ್ರೋಲ್ ಪಂಪ್ ಮೇಲೆ ಅನುಮಾನಪಟ್ಟೆ. ಎಲ್ಲಾ ದಂಡ. ಕೊನೆಗೆ ಮೇಟಗಳ್ಳಿ ಕಡೆ ಲೇತ್ ಇಟ್ಟುಕೊಂಡಿರುವ ಒಬ್ಬ ಯಜಮಾನರನ್ನು ಕರೆತಂದೆ. ಯಾದವಗಿರಿಯ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಕಾರ್ಬುರೇಟರ್ ಕಡೆ ತಿರುಗಿಯೂ ನೋಡಲಿಲ್ಲ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲ್ ಕೇಳಿದರು. ಎಂಜಿನ್ ಓಡುತ್ತಿರುವಾಗ ಇನ್‌ಟೇಕ್ ಅಂಚಿಗೆ ಒಂಚೂರು ನೀರು ಹೊಡೆದರು. ಐಡಲ್ ತಟ್ಟನೆ ಇಳಿದು ಸಮ ಆಯ್ತು. ನೀರು ಸಂದು ಮುಚ್ಚಿತ್ತು, ಅದು ಒಳಗೆ ಹೋದ ಮೇಲೆ ಮತ್ತೆ ಏರಿತು. ‘ಏನಪ್ಪಾ, ಎರಡು ಕಾಲೂ ಸಮ ಇಲ್ಲ, ವಾಷರ್ ಹೆಂಗೆ ಕೂರುತ್ತೆ?’ ಅಂದರು.

ಕೆಲವರು ಈ ಸೋರಿಕೆ ಹುಡುಕಲು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಈ ಗಾಡಿಯಲ್ಲಿ ದಯವಿಟ್ಟು ಬೇಡ, ಅದಕ್ಕೆ ಬೆಂಕಿ ಹತ್ತುತ್ತದೆ, ಕೆಳಗೇ ಕೆಂಡದಂಥ ಎಕ್ಸಾಸ್ಟ್ ಇದೆ.

ರಿಪೇರಿ ಏನೂ ದೊಡ್ಡದಲ್ಲ. ಯಜಮಾನರು ಮೊದಲು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ದಪ್ಪ ಗಾಜಿನ ಮೇಲೆ ತೆಳ್ಳಗೆ ಸವರಿದರು. ಅದರ ಮೇಲೆ ಮ್ಯಾನಿಫೋಲ್ಡ್ ಮುಖ ಇಟ್ಟು ಎತ್ತಿದರೆ ಎರಡು ತುದಿಗೆ ಕೆಂಪು ಹತ್ತಿತ್ತು, ಮಧ್ಯ ಬೆಳ್ಳಗೇ ಇತ್ತು. ಅಂದರೆ ಮುಖವೂ ಸ್ವಲ್ಪ ಬಾಗಿತ್ತು. ಅದೇ ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ, ಎಲ್ಲಾ ಕಡೆ ಕೆಂಪು ಹತ್ತುವ ತನಕ ಉಜ್ಜಿಸಿದರು, ನನ್ನ ಕೈಯಲ್ಲೇ. ಆಮೇಲೆ ಹೊಸ ದಪ್ಪ ವಾಷರ್‌ಗಳನ್ನು ವೈಸಿಗೆ ಕಚ್ಚಿಸಿ, ಎಕ್ಸಾಸ್ಟ್ ಮೇಲೆ ಕೂರುವ ಅರ್ಧ ಭಾಗವನ್ನು ಮಾತ್ರ ಅರ ಹಾಕಿ ಒಂದೂವರೆ ಮಿಲಿಮೀಟರ್ ತಗ್ಗಿಸಿದರು. ಮೆಟ್ಟಿಲು ವಾಷರ್. ಹಿತ್ತಾಳೆ ನಟ್ಟು ಹಾಕಿ 15 ಪೌಂಡ್-ಅಡಿಗೆ ಬಿಗಿದೆವು. ಗಾಡಿ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಂದು ಸಲ. ಐಡಲ್ ಸಮಸ್ಯೆ ಅಲ್ಲಿಗೆ ಮುಗಿಯಿತು.

ಇನ್ನು ವೆಬರ್ ಹಾಕಿದರೆ ಪವರ್ ಎಷ್ಟು ಬರುತ್ತೆ ಅನ್ನುವ ವಿಷಯ. ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಈ 1,798 ಸಿಸಿ ಎಂಜಿನ್‌ಗೆ ಸಿಲಿಂಡರ್ ನಾಲ್ಕು, ಆದರೆ ಹೆಡ್ಡಿಗೆ (ಸಿಲಿಂಡರ್ ಮೇಲಿನ ಭಾಗ) ಗಾಳಿ ಹೋಗುವ ಬಾಯಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2. ಹಾಗಾಗಿ ಒಂದೇ ಬಾಯಿ ಹಂಚಿಕೊಂಡ 3 ಮತ್ತು 4 ಒಂದರ ಬೆನ್ನಿಗೆ ಒಂದು ಎಳೆಯುತ್ತವೆ, 2 ಮತ್ತು 1 ಕೂಡ ಹಾಗೇ. ಆಮೇಲೆ ಆ ಬಾಯಿ ಸುಮ್ನೆ ಕೂತಿರುತ್ತದೆ. ಮೊದಲು ಎಳೆಯುವ ಸಿಲಿಂಡರ್ ನಿಂತ ಗಾಳಿಯನ್ನು ಎಬ್ಬಿಸಬೇಕು, ಎರಡನೆಯದಕ್ಕೆ ಹರಿಯುವ ಗಾಳಿ ಸಿಗುತ್ತದೆ. ಒಂದೊಂದು ಸಿಲಿಂಡರಿಗೆ ಒಂದೊಂದು ಬ್ಯಾರಲ್ (ಗಾಳಿ ಕೊಳವೆ) ಅನ್ನುವ ವೆಬರ್‌ನ ಅಸಲಿ ಲಾಭ ಇಲ್ಲಿ ಸಿಗುವುದೇ ಇಲ್ಲ. ಕ್ಯಾಮ್ (ವಾಲ್ವ್ ತೆರೆಯುವ ದಂಡ) ಬದಲಾಯಿಸಿ, ಹೆಡ್ ಕೆಲಸ ಮಾಡಿಸಿದ್ದರೆ ವೆಬರ್ ಹಾಕಿ. ಎಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ ನನ್ನ ಓಟು ಎಸ್‌ಯುಗೇ. ಹಳೇ ಎಸ್‌ಯುನಲ್ಲಿ ಥ್ರಾಟಲ್ ಸ್ಪಿಂಡಲ್ (ಗಾಳಿ ಬಿಡುವ ತಟ್ಟೆ ತಿರುಗಿಸುವ ಕಡ್ಡಿ) ಸವೆದು ಅಲ್ಲಿಂದ ಗಾಳಿ ಎಳೆಯುತ್ತಿರುತ್ತದೆ. ಅದನ್ನು ಸರಿ ಮಾಡದೆ ‘ಎಸ್‌ಯು ಸರಿಯಿಲ್ಲ’ ಅನ್ನುವವರೇ ಜಾಸ್ತಿ.

ಆದರೂ ಹಾಕಲೇಬೇಕು ಅಂತಿದ್ದರೆ, ವೆಬರನ್ನು ಮ್ಯಾನಿಫೋಲ್ಡಿಗೆ ಬಿಗಿಯಾಗಿ ಕಚ್ಚಿಸಬೇಡಿ. ರಬ್ಬರ್ ಓ-ರಿಂಗ್ ಇರುವ ಪ್ಲೇಟು, ಸ್ಪ್ರಿಂಗ್ ಥರದ ಡಬಲ್ ವಾಷರ್ ಹಾಕಿ, ವಾಷರಿನ ಸುರುಳಿಗಳ ಮಧ್ಯೆ ಅರ್ಧ ಮಿಲಿಮೀಟರಿನಷ್ಟು ಸಂದು ಬಿಡಿ. ಇಲ್ಲದಿದ್ದರೆ ಎಂಜಿನ್ ನಡುಗುವಾಗ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ನೊರೆ ಕಟ್ಟುತ್ತದೆ. ಪೆಟ್ರೋಲ್ ಪ್ರೆಶರ್ 3 ಪಿಎಸ್ಐ ಆಸುಪಾಸು ಇರಲಿ. ಏರ್ ಫಿಲ್ಟರ್ ಒಳ ಮಡ್ಗಾರ್ಡಿಗೆ ತಾಗುತ್ತಾ ನೋಡಲು ಫಿಲ್ಟರಿಗೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಎಂಜಿನ್ ರೇಸ್ ಮಾಡಿ, ಹಿಟ್ಟು ಎಷ್ಟು ಒತ್ತಿದೆ ನೋಡಿ. ಚಿಕ್ಕಮ್ಮ ಬೈದರು, ಆದರೆ ಕೆಲಸ ಆಯ್ತು. ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪಿಗೆ ವೆಬರ್‌ನಲ್ಲಿ ಸಾಮಾನ್ಯವಾಗಿ ಜಾಗ ಇರುವುದಿಲ್ಲ. ಅದನ್ನು ಸುಮ್ನೆ ಮುಚ್ಚಿಬಿಟ್ಟರೆ ಮೈಲೇಜ್ ಬೀಳುತ್ತದೆ. ಬ್ರೇಕ್ ಸರ್ವೋ ಇದ್ದರೆ ಅದಕ್ಕೂ ಮ್ಯಾನಿಫೋಲ್ಡಿನಲ್ಲಿ ತೂತು ಬೇಕು.

ಜೆಟ್ ವಿಷಯದಲ್ಲಿ ಇಂಗ್ಲೆಂಡಿನವರ ನಂಬರ್ ನೋಡಿ ಕಣ್ಣುಮುಚ್ಚಿ ಹಾಕಬೇಡಿ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಅದರಿಂದ ಮಿಕ್ಸ್ಚರ್ ಸ್ವಲ್ಪ ರಿಚ್ (ಗಾಳಿಗಿಂತ ಪೆಟ್ರೋಲ್ ಜಾಸ್ತಿ) ಆಗುತ್ತದೆ, ಅದಕ್ಕೇ ಸಣ್ಣ ಜೆಟ್ ಹಾಕು ಅಂತ ನನಗೂ ಹೇಳಿದ್ದರು. ಆದರೆ ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಎತ್ತರ ಎಷ್ಟು ರಿಚ್ ಮಾಡುತ್ತದೋ ಅದಕ್ಕಿಂತ ಜಾಸ್ತಿ ಇದು ಲೀನ್ (ಪೆಟ್ರೋಲ್ ಕಮ್ಮಿ) ಮಾಡುತ್ತದೆ. ನಾನು ಸಣ್ಣದು ಹಾಕಿ ಚಾಮುಂಡಿ ಬೆಟ್ಟ ಹತ್ತುವಾಗ ಅರ್ಧದಲ್ಲೇ ಗಾಡಿ ಮುಗ್ಗರಿಸಿತು. ವಾಪಸ್ ದೊಡ್ಡದಕ್ಕೆ ಹೋದೆ, 145 ನಂಬರಿನ ಜೆಟ್ಟಿಗೆ. ಹಳೇ ರಬ್ಬರ್ ಪೈಪುಗಳನ್ನೂ ಬದಲಾಯಿಸಿ, ಎಥನಾಲ್‌ಗೆ ಅವು ಉಬ್ಬುತ್ತವೆ.

ತೆಗೆದ ಎಸ್‌ಯು ಜೋಡಿಯನ್ನು ಮಾತ್ರ ಮಾರಬೇಡಿ. ಎರಡೂ ಫ್ಲ್ಯಾಂಜ್ ಅಳತೆ ಮಾಡಿ ತಿಳಿಸಿ. ವ್ಯತ್ಯಾಸ ಇದ್ದರೆ ಯಜಮಾನರ ಹತ್ತಿರ ನಾನೇ ಕರ್ಕೊಂಡು ಹೋಗುತ್ತೇನೆ. ಭಾನುವಾರ ಒಂದು ಬಿಟ್ಟು ದಿನಾ ಲೇತ್ ಮುಂದೆಯೇ ಇರುತ್ತಾರೆ.