ಪಿಟಿಟಿ (ರೇಡಿಯೋದಲ್ಲಿ ಮಾತಾಡಲು ಒತ್ತುವ ಬಟನ್) ಒತ್ತಿದರೆ ವಿಮಾನದ ಇಂಟರ್‌ಕಾಮ್ ಕಿರುಚುತ್ತದೆ, ಆರ್‌ಪಿಎಂ ಏರಿದರೆ ಗುಂಯ್‌ಗುಡುತ್ತದೆ. ಫಿಲ್ಟರ್ ಹಾಕಿದರೆ ಸಾಕೇ?

ಸಾಲದು. ನೀವು ಬರೆದಿರುವುದು ಎರಡು ಬೇರೆ ಬೇರೆ ತೊಂದರೆ. ನಿಮ್ಮದು ನೀವೇ ಕಟ್ಟಿದ ಎರಡು ಸೀಟಿನ ಕಾಂಪೋಸಿಟ್ (ಲೋಹವಲ್ಲದ, ನಾರು-ಅಂಟಿನ ಮೈಯ) ವಿಮಾನ. ಪಿಟಿಟಿ ಒತ್ತಿದಾಗ ಕೆಲವು ಫ್ರೀಕ್ವೆನ್ಸಿಗಳಲ್ಲಿ ಮಾತ್ರ ಕಿರುಚುತ್ತದೆ, ಟವರ್‌ನವರಿಗೆ ಮಾತು ಒಡೆದು ಕೇಳಿಸುತ್ತದೆ: ಇದು ರೇಡಿಯೋ ತರಂಗ ಮೈಕ್ ತಂತಿಗೆ ನುಗ್ಗುವ ಲಕ್ಷಣ. ಎಂಜಿನ್ ಜೊತೆ ಏರಿಳಿಯುವ ಗುಂಯ್ ಸದ್ದು ಆಲ್ಟರ್ನೇಟರ್‌ನದು (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ), ಬಹುಪಾಲು ಗ್ರೌಂಡ್ (ಬ್ಯಾಟರಿ ನೆಗೆಟಿವ್‌ಗೆ ಮರಳುವ) ತಂತಿಗಳ ದಾರಿಯಲ್ಲಿ ಬರುವಂಥದು. ಪವರ್ ಲೈನ್ ಫಿಲ್ಟರ್ (ವಿದ್ಯುತ್ ತಂತಿಯ ಸದ್ದು ಸೋಸುವ ಸಾಧನ) ಮೊದಲನೆಯದಕ್ಕೆ ಏನೂ ಮಾಡದು, ಎರಡನೆಯದಕ್ಕೂ ಬಹಳ ಸಲ ಉಪಯೋಗಕ್ಕೆ ಬಾರದು.

ಯಾವುದನ್ನೂ ಬಿಚ್ಚುವ ಮೊದಲು ಯುಎಸ್‌ಬಿ ಚಾರ್ಜರ್ ಕಿತ್ತಿಡಿ, ಸ್ಟ್ರೋಬ್ ಮತ್ತು ಎಲ್‌ಇಡಿ ದೀಪ ಆರಿಸಿ, ಒಂದೇ ಹೆಡ್‌ಸೆಟ್ ಉಳಿಸಿಕೊಂಡು ನೋಡಿ, ಆಮೇಲೆ ಹೆಡ್‌ಸೆಟ್ ಬದಲಿಸಿ ನೋಡಿ. ಅರ್ಧ ಕೇಸು ಇಲ್ಲೇ ಮುಗಿಯುವುದುಂಟು.

ಕಿರುಚುವುದನ್ನು ಎಂಜಿನ್ ನಿಲ್ಲಿಸಿಯೇ ಹುಡುಕಬಹುದು. ಆಂಟೆನಾ ಕೇಬಲ್ ಅನ್ನು ಆಂಟೆನಾದ ಬುಡದಲ್ಲಿ ಬಿಚ್ಚಿ, ಅಲ್ಲಿ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ. ಅದು ನಿಮ್ಮ ರೇಡಿಯೋದ ಪವರ್ ತಡೆಯುವಂಥದಿರಲಿ. ಯಾರಿಗೂ ಅಡ್ಡಿಯಾಗದ ಫ್ರೀಕ್ವೆನ್ಸಿಯಲ್ಲಿ ಒಂದೆರಡು ಸೆಕೆಂಡು ಮಾತ್ರ ಪಿಟಿಟಿ ಒತ್ತಿ. ತುರ್ತು ಫ್ರೀಕ್ವೆನ್ಸಿಯಾದ 121.5ರ ಹತ್ತಿರವೂ ಹೋಗಬೇಡಿ. ಸದ್ದು ಮಾಯವಾದರೆ ತಪ್ಪು ಆಂಟೆನಾ ಕಡೆಯದು. ಹಾಗೇ ಉಳಿದರೆ ಕೇಬಲ್, ಕನೆಕ್ಟರ್ ಅಥವಾ ಸೈಡ್‌ಟೋನ್ (ನಿಮ್ಮದೇ ಮಾತು ನಿಮ್ಮ ಹೆಡ್‌ಸೆಟ್‌ಗೆ ಮರಳಿ ಕೇಳುವುದು). ಸೈಡ್‌ಟೋನ್ ತಗ್ಗಿಸಿದ ತಕ್ಷಣ ಕಿರುಚು ನಿಂತರೆ ಇಯರ್‌ಕಪ್‌ನ ಸದ್ದೇ ಮೈಕ್‌ಗೆ ಮರಳಿ ಸುತ್ತುತ್ತಿದೆ ಎಂದರ್ಥ. ಅದಕ್ಕೂ ರೇಡಿಯೋ ತರಂಗಕ್ಕೂ ಸಂಬಂಧವಿಲ್ಲ.

ಕೇಬಲ್ ಪರೀಕ್ಷೆಯಲ್ಲಿ ಮಲ್ಟಿಮೀಟರನ್ನು ಪೂರ್ತಿ ನಂಬಬೇಡಿ. ಆಂಟೆನಾ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್‌ನಲ್ಲಿ ಹೊರಗಿನ ಜಾಲರಿಯ ನಾಲ್ಕೇ ಎಳೆ ಹಿಡಿದುಕೊಂಡಿದ್ದರೂ ಮೀಟರ್ 'ಸರಿ' ಎಂದೇ ಬೀಪ್ ಮಾಡುತ್ತದೆ. ಕನೆಕ್ಟರನ್ನು ಮೆಲ್ಲಗೆ ತಿರುಚಿ. ಕೇಬಲ್ ಒಳಗೆ ತಿರುಗಿತೆಂದರೆ ಕ್ರಿಂಪ್ (ಒತ್ತಿ ಕೂಡಿಸಿದ ಜೋಡಣೆ) ಕೆಟ್ಟಿದೆ, ಕತ್ತರಿಸಿ ಹೊಸದು ಹಾಕಿ. ಹಳೆಯ ಆರ್‌ಜಿ-58 ಕೇಬಲ್ ಇದ್ದರೆ ಎರಡು ಪದರದ ಜಾಲರಿಯಿರುವ ಆರ್‌ಜಿ-400ಕ್ಕೆ ಬದಲಾಯಿಸುವುದು ಒಳ್ಳೆಯದು.

ಕಾಂಪೋಸಿಟ್ ವಿಮಾನದಲ್ಲಿ ನನಗೆ ಮೊದಲ ಅನುಮಾನ ಗ್ರೌಂಡ್ ಪ್ಲೇನ್ (ಆಂಟೆನಾದ ಕೆಳಗೆ ಇರಬೇಕಾದ ಲೋಹದ ಹಾಸು) ಮೇಲೆ. ಲೋಹದ ಮೈ ಇಲ್ಲದ ಕಡೆ ಆಂಟೆನಾಕ್ಕೆ ಕೆಳಗಿನ ಅರ್ಧ ಸಿಗುವುದಿಲ್ಲ. ಆಗ ಅದು ಕೋಆಕ್ಸ್ (ಆಂಟೆನಾ ಕೇಬಲ್) ಜಾಲರಿಯ ಹೊರಮೈಯನ್ನೇ ಬಳಸಿಕೊಳ್ಳುತ್ತದೆ, ಆ ಕರೆಂಟ್ ನೇರ ಪ್ಯಾನೆಲ್‌ಗೆ ಬಂದು ಮೈಕ್ ತಂತಿಗೆ ಹತ್ತುತ್ತದೆ. ಕೆಲವು ಫ್ರೀಕ್ವೆನ್ಸಿಗಳಲ್ಲಿ ಮಾತ್ರ ಕಾಣಿಸುವುದೂ ಇದಕ್ಕೇ: ಯಾವ ತಂತಿಯ ಉದ್ದ ಯಾವ ತರಂಗಕ್ಕೆ ಹೊಂದುತ್ತದೋ ಅಲ್ಲಿ ಜೋರು. ಆಂಟೆನಾ ಬುಡದಿಂದ ನಾಲ್ಕು ದಿಕ್ಕಿಗೆ ತಾಮ್ರದ ಪಟ್ಟಿ ಅಂಟಿಸಿ. 127 ಮೆಗಾಹರ್ಟ್ಸ್‌ಗೆ ಕಾಲು ತರಂಗ ಎಂದರೆ ಸುಮಾರು 59 ಸೆಂ.ಮೀ. ಪಟ್ಟಿಗಳು ಬುಡದ ಲೋಹಕ್ಕೆ ಗಟ್ಟಿಯಾಗಿ ಕೂಡಿರಲಿ, ನಡುವೆ ಪೇಂಟ್ ಇರಬಾರದು. ಆಮೇಲೆ ಬುಡದ ಹತ್ತಿರವೇ ಕೋಆಕ್ಸ್ ಮೇಲೆ 43 ಮಿಕ್ಸ್ ಎಂಬ ಬಗೆಯ ಮೂರು ನಾಲ್ಕು ಫೆರೈಟ್ (ರೇಡಿಯೋ ಕರೆಂಟ್ ತಡೆಯುವ ಕಾಂತೀಯ ಉಂಗುರ) ಬಿಗಿಯಾಗಿ ಕೂರಿಸಿ. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎಂಬ ಅಳತೆ) ಅನ್ನು 118, 127, 136 ಮೆಗಾಹರ್ಟ್ಸ್ ಮೂರರಲ್ಲೂ ಅಳೆಯಿರಿ, 2ರ ಒಳಗಿರಲಿ.

ಇಷ್ಟಾದ ಮೇಲೂ ಸ್ವಲ್ಪ ಉಳಿದರೆ ಮಾತ್ರ ಇಂಟರ್‌ಕಾಮ್ ಕನೆಕ್ಟರ್‌ನಲ್ಲಿ ಮೈಕ್ ಆಡಿಯೋ ಮತ್ತು ಮೈಕ್ ಲೋ (ಮೈಕ್‌ನ ಗ್ರೌಂಡ್ ತಂತಿ) ನಡುವೆ 1 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಹಾಕಿ. 127 ಮೆಗಾಹರ್ಟ್ಸ್‌ಗೆ ಅದು ಒಂದೂಕಾಲು ಓಮ್, ಮಾತಿನ ಫ್ರೀಕ್ವೆನ್ಸಿಗೆ ಐವತ್ತು ಸಾವಿರ ಓಮ್‌ಗೂ ಹೆಚ್ಚು, ಹಾಗಾಗಿ ದನಿ ಕೆಡದು. ಕಾಲುಗಳನ್ನು ಮೂರ್ನಾಲ್ಕು ಮಿಲಿಮೀಟರ್‌ಗೆ ಕತ್ತರಿಸಿ. ಒಂದು ಸೆಂ.ಮೀ. ಬಿಟ್ಟರೂ ಆ ತಂತಿಯೇ 6–8 ಓಮ್ ಅಡ್ಡ ನಿಲ್ಲುತ್ತದೆ.

ಇನ್ನು ಗುಂಯ್ ಸದ್ದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಫೀಲ್ಡ್ ಸ್ವಿಚ್ (ಆಲ್ಟರ್ನೇಟರ್ ವಿದ್ಯುತ್ ಉತ್ಪಾದನೆ ನಿಲ್ಲಿಸುವ ಸ್ವಿಚ್) ಕ್ಷಣಕಾಲ ಆಫ್ ಮಾಡಿ; ಸದ್ದು ನಿಂತರೆ ಮೂಲ ಖಚಿತ. ರೇಡಿಯೋ ವಾಲ್ಯೂಮ್ ಸೊನ್ನೆ ಮಾಡಿದರೂ ಕೇಳುತ್ತಿದ್ದರೆ ಅದು ರೇಡಿಯೋದ ವಾಲ್ಯೂಮ್ ದಾಟಿದ ಮೇಲೆ, ಎಂದರೆ ಇಂಟರ್‌ಕಾಮ್ ಅಥವಾ ಜ್ಯಾಕ್ ತಂತಿಗಳಲ್ಲಿ ಸೇರುತ್ತಿದೆ.

ಸಾಮಾನ್ಯ ತಪ್ಪು ಹೆಡ್‌ಸೆಟ್ ಚುಚ್ಚುವ ಜ್ಯಾಕ್‌ಗಳದು. ಪ್ಯಾನೆಲ್ ಲೋಹದ್ದಾದರೆ, ಅಥವಾ ಜ್ಯಾಕ್ ಯಾವುದಾದರೂ ಲೋಹದ ಪಟ್ಟಿಗೆ ತಗುಲಿದ್ದರೆ, ಅಲ್ಲೊಂದು ಗ್ರೌಂಡ್, ಇಂಟರ್‌ಕಾಮ್‌ನಲ್ಲೊಂದು ಗ್ರೌಂಡ್ ಆಗಿ, ಸದ್ದು ಸುತ್ತಿ ಬರುವ ಗ್ರೌಂಡ್ ಲೂಪ್ ಹುಟ್ಟುತ್ತದೆ. ಇಂಟರ್‌ಕಾಮ್ ಕನೆಕ್ಟರ್ ಎಳೆದು, ಜ್ಯಾಕ್‌ನ ಹೊರಮೈ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಅಳೆಯಿರಿ. ಪೂರ್ತಿ ಓಪನ್ (ಸಂಪರ್ಕವೇ ಇಲ್ಲ ಎಂದು) ತೋರಿಸಬೇಕು. ತೋರಿಸದಿದ್ದರೆ ಜ್ಯಾಕನ್ನು ಲೋಹದಿಂದ ಬೇರೆ ಇಡುವ ಫೈಬರ್ ವಾಷರ್ ಇಲ್ಲ, ಇಲ್ಲವೇ ತೂತು ಚಿಕ್ಕದಾಗಿ ವಾಷರ್‌ನ ಮೆಟ್ಟಿಲು ಒಳಗೆ ಕೂತಿಲ್ಲ. ಇದು ಕಣ್ಣಿಗೆ ಕಾಣುವುದಿಲ್ಲ, ಮೀಟರ್‌ಗೇ ಗೊತ್ತಾಗುವುದು. ಹಾಗೆಯೇ ಪ್ರತಿ ಆಡಿಯೋ ತಂತಿಯ ಶೀಲ್ಡ್ (ಹೊರಗಿನ ಜಾಲರಿ) ಇಂಟರ್‌ಕಾಮ್ ತುದಿಯಲ್ಲಿ ಮಾತ್ರ ಗ್ರೌಂಡ್ ಆಗಿರಲಿ, ಜ್ಯಾಕ್ ತುದಿಯಲ್ಲಿ ಕತ್ತರಿಸಿ ಸ್ಲೀವ್ ಮುಚ್ಚಿ.

ಫಿಲ್ಟರ್ ಬೇಕೇ ಎಂದು ತಿಳಿಯಲು ಇಂಟರ್‌ಕಾಮ್‌ನ ಪ್ಲಸ್, ಮೈನಸ್ ಎರಡನ್ನೂ ಫ್ಯೂಸ್ ಇರುವ ಪ್ರತ್ಯೇಕ 12 ವೋಲ್ಟ್ ಬ್ಯಾಟರಿಗೆ ಕೊಡಿ (ನಿಮ್ಮದು 12 ವೋಲ್ಟ್ ವಿಮಾನವಾದರೆ). ಸದ್ದು ಹೋಯಿತೇ? ಈಗ ಆ ಬ್ಯಾಟರಿಯ ಮೈನಸನ್ನು ಮಾತ್ರ ವಿಮಾನದ ಹಳೆಯ ಗ್ರೌಂಡ್‌ಗೆ ಸೇರಿಸಿ. ಸದ್ದು ಮರಳಿದರೆ ಗ್ರೌಂಡ್ ಲೂಪ್, ರೇಡಿಯೋ ಮತ್ತು ಇಂಟರ್‌ಕಾಮ್ ಎರಡರ ಗ್ರೌಂಡನ್ನೂ ಒಂದೇ ಬಿಂದುವಿಗೆ ತನ್ನಿ. ಮರಳದಿದ್ದರೆ ಪ್ಲಸ್ ತಂತಿಯಲ್ಲೇ ಬರುತ್ತಿದೆ, ಆಗ ಫಿಲ್ಟರ್ ಕೊಳ್ಳಿ, ಇಂಟರ್‌ಕಾಮ್‌ಗೆ ಆದಷ್ಟು ಹತ್ತಿರ ಕೂರಿಸಿ.