ಒಬ್ಬಳೇ ಕಾಡಿಗೆ ಹೋದಾಗ ನಿಮಗೆ ಹೆದರಿಕೆ ಆಗಿದೆಯಾ? ಏನು ಮುನ್ನೆಚ್ಚರಿಕೆ ತಗೋತೀರಿ?

ಸಿಡ್ನಿಗೆ ಬಂದು ವರ್ಷ ಆಯ್ತು, ಬ್ಲೂ ಮೌಂಟನ್ಸ್ ಕಡೆ ಒಬ್ಬಳೇ ನಡೆಯಬೇಕು, ಒಂದೆರಡು ರಾತ್ರಿ ಟೆಂಟ್ ಹಾಕಬೇಕು ಅಂತ ಆಸೆ, ಆದರೆ ಗೆಳತಿಯರು ಹೆದರಿಸ್ತಾರೆ ಅಂತ ಬರೆದಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಇಲ್ಲಿಯವರು ಬುಷ್ ಅನ್ನುವ ಈ ಕಾಡಿಗೆ ವರ್ಷಕ್ಕೆ ನಾಲ್ಕೈದು ಸಲ ಒಬ್ಬಳೇ ಹೋಗ್ತೀನಿ.

ಹೆದರಿಕೆ ಆಗಿದೆ. ಬೇಕಾದಷ್ಟು ಸಲ. ಆದರೆ ನಾನು ಹೆದರಿದ ಯಾವುದೂ ನನಗೆ ಏನೂ ಮಾಡಲಿಲ್ಲ. ಅಪಾಯ ಇದ್ದದ್ದು ಬೇರೆ ಕಡೆ, ನಾನು ನೋಡದೇ ಇದ್ದ ಕಡೆ.

ನಿಮ್ಮ ಗೆಳತಿಯರು ಬೆಲಾಂಗ್ಲೊ ಕಾಡಿನ ಕಥೆ ಹೇಳಿಯೇ ಇರುತ್ತಾರೆ. ನಾನು ಬಂದ ಮೊದಲ ತಿಂಗಳೇ ಆಫೀಸಿನಲ್ಲಿ ಇಬ್ಬರು ಹೇಳಿದರು. (ಮರದಿಂದ ತಲೆ ಮೇಲೆ ಬೀಳುವ 'ಡ್ರಾಪ್ ಬೇರ್' ಬಗ್ಗೆಯೂ ಹೇಳಿದರು. ಅದು ಹೊಸಬರನ್ನು ಗೋಳು ಹೊಯ್ದುಕೊಳ್ಳೋಕೆ ಕಟ್ಟಿದ ಸುಳ್ಳು. ನಾನು ಮೂರು ವಾರ ನಂಬಿದ್ದೆ.) ಬೆಲಾಂಗ್ಲೊ ಮಾತ್ರ ಸುಳ್ಳಲ್ಲ. 1992 ಮತ್ತು 1993ರಲ್ಲಿ ಅಲ್ಲಿ ಏಳು ಜನರ ಹೆಣ ಸಿಕ್ಕಿತು. ಎಲ್ಲರೂ ಚಿಕ್ಕ ವಯಸ್ಸಿನವರು, ಹೆಚ್ಚಿನವರು ಬೆನ್ನಿಗೆ ಚೀಲ ಹಾಕಿಕೊಂಡು ಊರು ಸುತ್ತೋಕೆ ಬಂದ ವಿದೇಶಿಯರು. ಐವನ್ ಮಿಲಾಟ್ ಅನ್ನುವವನಿಗೆ 1996ರಲ್ಲಿ ಶಿಕ್ಷೆ ಆಯ್ತು. ಕೇಳಿದರೆ ಎದೆ ಝಲ್ ಅನ್ನುತ್ತೆ, ನಿಜ. ಆದರೆ ಒಂದು ವಿಷಯ ಗಮನಿಸಿ. ಅವನು ಕಾಡಿನಲ್ಲಿ ಹೊಂಚು ಹಾಕಿ ಕೂತವನಲ್ಲ. ಹೆದ್ದಾರಿಯಲ್ಲಿ ಡ್ರಾಪ್ ಕೇಳುವವರನ್ನು ಗಾಡಿಗೆ ಹತ್ತಿಸಿಕೊಳ್ಳುತ್ತಿದ್ದ. 1990ರಲ್ಲಿ ಇಂಗ್ಲೆಂಡಿನ ಒಬ್ಬ ಹುಡುಗ ಅವನ ಗಾಡಿಯಿಂದ ಹಾರಿ ಓಡಿದಾಗ, ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ಗಾಡಿ ನಿಲ್ಲಿಸಿ ಅವನನ್ನು ಹತ್ತಿಸಿಕೊಂಡಳು. ಅವನು ಬದುಕಿದ. ಮುಂದೆ ಮಿಲಾಟ್‌ನನ್ನು ಗುರುತು ಹಿಡಿದವನೂ ಅವನೇ. ಗಾಡಿ ನಿಲ್ಲಿಸಿದ ಆ ಹೆಂಗಸಿನ ವಿಷಯ ನನಗೆ ಆಫೀಸಿನಲ್ಲಿ ಯಾರೂ ಹೇಳಿರಲಿಲ್ಲ.

ಈಗ ನನ್ನ ಕಥೆ. 2018ರ ಜುಲೈ. ಜುಲೈ ಅಂದರೆ ಇಲ್ಲಿ ನಡು ಚಳಿಗಾಲ. ಲಿಥ್ಗೋ ಊರು ದಾಟಿದ ಮೇಲೆ ವೋಲ್ಗನ್ ಕಣಿವೆಯ ತುದಿಯಲ್ಲಿ ನ್ಯೂನ್ಸ್ ಅಂತ ಒಂದು ಜಾಗ ಇದೆ. ನೂರು ವರ್ಷದ ಹಿಂದೆ ಅಲ್ಲಿ ಎಣ್ಣೆಕಲ್ಲು ಅಗೆದು, ಕಾಯಿಸಿ, ಎಣ್ಣೆ ತೆಗೆಯುತ್ತಿದ್ದರು. ಅದಕ್ಕೆಂದೇ ಬೆಟ್ಟ ಕೊರೆದು ರೈಲು ತಂದರು. ಈಗ ರೈಲೂ ಇಲ್ಲ, ಊರೂ ಇಲ್ಲ. ಹಳಿ ಕಿತ್ತ ಸುರಂಗದಲ್ಲಿ ಮಿನುಗುವ ಹುಳುಗಳಿವೆ. ಹೊಳೆಯ ಆಚೆ ಇಟ್ಟಿಗೆಯ ಗೂಡುಗಳು, ಮುರಿದ ಚಿಮಣಿ, ಗೋಡೆ ಒಡೆದು ಬೆಳೆದ ಮರಗಳು. ಸುತ್ತ ಕೆಂಪು ಬಂಡೆಯ ಗೋಡೆ. ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಬರೋದಿಲ್ಲ.

ಮೊದಲ ರಾತ್ರಿ ಎರಡು ಗಂಟೆ ಇರಬಹುದು. ಒಬ್ಬ ಹೆಂಗಸು ಕಿರುಚಿದಳು. ಕುತ್ತಿಗೆ ಹಿಸುಕಿದರೆ ಹೇಗೆ ಬರುತ್ತೋ ಹಾಗೆ, ಒಡಕು ದನಿಯಲ್ಲಿ. ಒಂದು ನಿಮಿಷ ಬಿಟ್ಟು ಮತ್ತೆ, ಈ ಸಲ ಇನ್ನೂ ಹತ್ತಿರ. ನಾನು ಸ್ಲೀಪಿಂಗ್ ಬ್ಯಾಗಿನೊಳಗೆ ಮುದುಡಿಕೊಂಡು ಆಂಜನೇಯನನ್ನು ನೆನೆದೆ. ಅಷ್ಟರಲ್ಲಿ ಟೆಂಟಿನ ಬದಿಗೆ ಏನೋ ಬಂದು ಧೊಪ್ ಅಂತ ಒರಗಿತು. ಭಾರವಾದದ್ದು. ಉಸಿರು ಬಿಡುವುದು ಕೇಳುತ್ತಿತ್ತು. ಬಟ್ಟೆಯ ಆ ಕಡೆ ಅದು, ಈ ಕಡೆ ನನ್ನ ಭುಜ. ಆಮೇಲೆ ಕರಕರ ಅಂತ ಹುಲ್ಲು ಕಿತ್ತು ತಿನ್ನುವ ಸದ್ದು.

ಬೆಳಿಗ್ಗೆ ನೋಡಿದರೆ ಟೆಂಟಿನ ಪಕ್ಕ ವೊಂಬ್ಯಾಟ್ ಲದ್ದಿ. ವೊಂಬ್ಯಾಟ್ ಅಂದರೆ ಹುಲ್ಲು ಮೇಯುವ, ಗಿಡ್ಡ ಕಾಲಿನ, ದಪ್ಪ ಮೈಯ ಇಲ್ಲಿಯ ಪ್ರಾಣಿ. ಚೌಕಾಕಾರ ಇರುತ್ತೆ, ದಾಳದ ಹಾಗೆ. ತಪ್ಪೋ ಮಾತೇ ಇಲ್ಲ. ಕಿರುಚಿದ್ದು ಹೆಣ್ಣು ನರಿ ಅಂತ ಪಕ್ಕದ ಕ್ಯಾಂಪಿನವರು ನಗುತ್ತಾ ಹೇಳಿದರು. ಬೇಟೆಯಾಡೋಕೆ ಅಂತ ಇಂಗ್ಲಿಷರು ತಂದು ಬಿಟ್ಟ ನರಿ ಅದು. ಚಳಿಗಾಲದಲ್ಲಿ ಬೆದೆಗೆ ಬಂದಾಗ ಹಾಗೇ ಕೂಗುತ್ತಂತೆ. ಹೊರಡೋ ಮೊದಲು ಯೂಟ್ಯೂಬಿನಲ್ಲಿ ನರಿ, ಪೋಸಮ್, ಗೂಬೆಗಳ ಕೂಗು ಒಂದು ಸಲ ಕೇಳಿಕೊಳ್ಳಿ. ನಮ್ಮೂರಲ್ಲಿ ಕಾಡುಕುರಿ ಬೊಗಳಿದರೆ ನಾವು ಮಗ್ಗುಲು ಬದಲಿಸಿ ಮಲಗ್ತೀವಿ, ಯಾಕೆಂದರೆ ಅದು ಯಾರು ಅಂತ ಗೊತ್ತು. ಅಷ್ಟೇ ವ್ಯತ್ಯಾಸ.

ಎರಡನೇ ದಿನ ಸಂಜೆ ನಾನು ಹೊಳೆ ದಾಟಿ ಆ ಹಾಳು ಗೂಡುಗಳ ಹತ್ತಿರ ಫೋಟೋ ತೆಗೆಯುತ್ತಾ ಹೊತ್ತು ಕಳೆದುಬಿಟ್ಟೆ. ಜುಲೈನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತೆ. ಕಣಿವೆಯ ತಳದಲ್ಲಿ ಇನ್ನೂ ಬೇಗ ಕತ್ತಲು. ಚೀಲ ಹೆಗಲಿಗೆ ಹಾಕಿದ್ದೆ, ಆಗ ಕೇಳಿಸಿತು. ಬಂಡೆಯ ಕಡೆಯಿಂದ. ಉದ್ದಕ್ಕೆ ಎಳೆದು, ಕೊನೆಗೆ ಮೇಲಕ್ಕೆ ಎತ್ತಿದ ದನಿ.

"ಕೂ... ಈ!"

ಮಲೆನಾಡಿನವರಾದರೆ ನಿಮಗೆ ಗೊತ್ತಿರುತ್ತೆ. ಕಾಡಿನಲ್ಲಿ ನಾವು ಕೂ ಹಾಕ್ತೀವಿ. ದನ ಹುಡುಕೋಕೆ ಹೋದವರು, ಸೊಪ್ಪಿಗೆ ಹೋದವರು, ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂ ಅಂದರೆ ಆ ಕಡೆಯವರೂ ಕೂ ಅನ್ನಬೇಕು. ಆಶ್ಚರ್ಯ ಅಂದರೆ ಇಲ್ಲೂ ಅದೇ ಇದೆ. ಸಿಡ್ನಿ ಸುತ್ತಲಿನ ಮೂಲನಿವಾಸಿ ಧರುಗ್ ಜನರ ಕರೆ ಅದು. ಬಿಳಿಯರು ಅವರಿಂದ ಕಲಿತರು. ಕಾಡಿನಲ್ಲಿ ದಾರಿ ತಪ್ಪಿದವರು ಈಗಲೂ 'ಕೂಈ' ಅಂತಲೇ ಕೂಗ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಓಗೊಡಲಿಲ್ಲ. ನಮ್ಮಜ್ಜಿ ಹೇಳಿದ್ದು ಅಷ್ಟು ಆಳಕ್ಕೆ ಇಳಿದಿತ್ತು: ಮುಸ್ಸಂಜೆ ಮೇಲೆ ಕಾಡಿನಿಂದ ಯಾರಾದರೂ ಕರೆದರೆ ಮೂರು ಸಲ ಕರೆಯುವವರೆಗೆ ಓ ಅನ್ನಬಾರದು. ದೆವ್ವ ಮೂರು ಸಲ ಕರೆಯೋದಿಲ್ಲ. ಐಟಿ ಕೆಲಸ ಮಾಡೋ ಹೆಂಗಸು ನಾನು, ಹಾಳು ಗೋಡೆಯ ಹಿಂದೆ ಉಸಿರು ಬಿಗಿ ಹಿಡಿದು ಎಣಿಸ್ತಾ ನಿಂತೆ. ಸುಳ್ಳು ಯಾಕೆ ಹೇಳಲಿ, ಅರ್ಧ ಹೆದರಿಕೆ ದೆವ್ವದ್ದು, ಅರ್ಧ ಬೆಲಾಂಗ್ಲೊದ್ದು.

ಎರಡನೇ ಸಲ ಕೂಗಿತು. ದನಿ ಸಣ್ಣಗಾಗಿತ್ತು. ಮೂರನೇ ಸಲ 'ಈ' ಬರಲೇ ಇಲ್ಲ, ಬರೀ 'ಕೂ' ಬಂದು ಕೆಮ್ಮಿನಲ್ಲಿ ಮುಗಿಯಿತು.

ದೆವ್ವ ಕೆಮ್ಮೋದಿಲ್ಲ. ಕೂ ಹಾಕಿದೆ.

ದನಿ ಹಿಡಿದು ಹೋದರೆ, ದಾರಿಯ ಪಕ್ಕ ಒಬ್ಬ ಮುದುಕ ಕೂತಿದ್ದ. ಎಪ್ಪತ್ತರ ಹತ್ತಿರದವನು. ತೆಳು ಅಂಗಿ, ಒದ್ದೆ ಪ್ಯಾಂಟು. ಕೈಯಲ್ಲಿ ಚೀಲ ಇಲ್ಲ, ಟಾರ್ಚ್ ಇಲ್ಲ, ನೀರಿನ ಬಾಟಲಿ ಕೂಡ ಇಲ್ಲ. ಕತ್ತಲಲ್ಲಿ ಒಬ್ಬ ಹೆಂಗಸು ಯಾವ ಥರದ ಗಂಡಸನ್ನು ನೋಡಬಾರದು ಅಂದುಕೊಳ್ಳುತ್ತಾಳೋ ಹಾಗೇ ಇದ್ದ. ನಾನು ಹತ್ತು ಹೆಜ್ಜೆ ದೂರದಲ್ಲೇ ನಿಂತೆ. ಟಾರ್ಚ್ ಅವನ ಮುಖಕ್ಕೆ ಬಿಡದೆ ಕೈ ಮೇಲೆ ಬಿಟ್ಟೆ. "ನನ್ನ ಗಂಡ ಹಿಂದೆ ಬರ್ತಾ ಇದ್ದಾರೆ" ಅಂದೆ. ನನಗೆ ಗಂಡ ಇಲ್ಲ. ಈ ಒಂದು ಸುಳ್ಳನ್ನು ನಾನು ಕಾಡಿನಲ್ಲಿ ಯಾವ ನಾಚಿಕೆಯೂ ಇಲ್ಲದೆ ಹೇಳ್ತೀನಿ, ನೀವೂ ಹೇಳಿ.

ಅವನಿಗೆ ಅರ್ಥ ಆಯ್ತು ಅನ್ನಿಸುತ್ತೆ. "ನೀನು ಅಲ್ಲೇ ಇರಮ್ಮ, ಹತ್ತಿರ ಬರಬೇಡ" ಅಂದ. ಜೇಬಿನಿಂದ ಕಾರಿನ ಕೀ ತೆಗೆದು ನನ್ನ ಕಡೆ ಎಸೆದ. ಅದು ದರಗಿನ ಮೇಲೆ ಖಣ್ ಅಂತ ಬಿತ್ತು. "ಕ್ಯಾಂಪಿನಲ್ಲಿ ಬಿಳಿ ಕಾರಿದೆ, ಹಿಂದಿನ ಸೀಟಿನಲ್ಲಿ ನಾಯಿಯ ಕಂಬಳಿ. ಹೋಗಿ ನೋಡಿ ಬಾ. ನಾನು ಎಲ್ಲೂ ಹೋಗೋದಿಲ್ಲ, ಕಾಲು ಮುರಿದಿದೆ." ಆ ಕಂಬಳಿಯನ್ನು ನಾನು ಬೆಳಿಗ್ಗೆಯೇ ನೋಡಿದ್ದೆ.

ಗ್ಲೆನ್ ಡೇವಿಸ್ ಕಡೆಗೆ ಹೋಗುವ ಹಳೆಯ ಪೈಪ್‌ಲೈನ್ ದಾರಿಯಲ್ಲಿ ಮೇಲೆ ಹತ್ತಿ, ಇಳಿಯುವಾಗ ಜಾರಿದ್ದ. ಚೀಲ ಕೆಳಗೆ ಉರುಳಿ ಹೋಗಿತ್ತು. ಮಧ್ಯಾಹ್ನ ಎರಡರಿಂದ ತೆವಳಿಕೊಂಡು ಅಲ್ಲಿಗೆ ಬಂದಿದ್ದ. ನನ್ನ ಹತ್ತಿರ ಥರ್ಮಾಸಿನಲ್ಲಿ ಕಷಾಯ ಇತ್ತು, ಅಮ್ಮ ಕಳಿಸಿದ ಜೀರಿಗೆ ಕೊತ್ತಂಬರಿ ಪುಡಿಯದ್ದು. ಕೊಟ್ಟೆ. ಅವನಿಗೆ ಮುಚ್ಚಳ ತಿರುಗಿಸಲು ಆಗಲಿಲ್ಲ. ಬೆರಳು ಬಗ್ಗುತ್ತಲೇ ಇರಲಿಲ್ಲ, ಹಿಡಿದರೆ ಫ್ರಿಜ್ಜಿನಿಂದ ತೆಗೆದ ಕ್ಯಾರೆಟ್ ಹಾಗಿತ್ತು. ಮಾತು ತೊದಲುತ್ತಿತ್ತು. ಆಗ ನನಗೆ ಹೊಳೆಯಿತು, ಇವನಿಗೆ ಅಪಾಯ ಕಾಲಿನಿಂದ ಅಲ್ಲ, ಚಳಿಯಿಂದ. ಹಿಂದಿನ ರಾತ್ರಿ ನನ್ನ ಬಾಟಲಿಯ ನೀರು ಹೆಪ್ಪುಗಟ್ಟಿತ್ತು.

ನನ್ನ ಜಾಕೆಟ್ ಹಾಕಿ, ಮೇಲೆ ಬೆಳ್ಳಿ ಬಣ್ಣದ ಎಮರ್ಜೆನ್ಸಿ ಹೊದಿಕೆ ಸುತ್ತಿ, ಕೆಳಗೆ ಚೀಲ ಹಾಸಿ ಕೂರಿಸಿದೆ. ಟಾರ್ಚ್ ಒಂದನ್ನು ಅವನಿಗೇ ಬಿಟ್ಟು ಕ್ಯಾಂಪಿಗೆ ಓಡಿದೆ. ನರಿಯ ಬಗ್ಗೆ ನಕ್ಕವರೇ ಬಂದರು, ನಾಲ್ಕು ಜನ ಸೇರಿ ಹೊತ್ತು ಹೊಳೆ ದಾಟಿಸಿದರು. ರಾತ್ರಿ ಒಂಬತ್ತರೊಳಗೆ ಅವರ ಗಾಡಿಯಲ್ಲಿ ಲಿಥ್ಗೋ ಆಸ್ಪತ್ರೆಗೆ ಕಳಿಸಿದ್ದೂ ಆಯ್ತು.

ನಾನು ಮೊದಲ ಕೂಗಿಗೂ ಮೂರನೇ ಕೂಗಿಗೂ ನಡುವೆ ಎಷ್ಟು ಹೊತ್ತು ನಿಂತಿದ್ದೆ ಅಂತ ಈಗಲೂ ಲೆಕ್ಕ ಹಾಕ್ತೀನಿ. ಐದು ನಿಮಿಷ ಇರಬಹುದು. ಅವನು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ನೀವು ಕೇಳಿದ ಮುನ್ನೆಚ್ಚರಿಕೆ. ಚಾಕು, ಪೆಪ್ಪರ್ ಸ್ಪ್ರೇ ಎಲ್ಲ ತಲೆಯಿಂದ ತೆಗೆಯಿರಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳುವುದೇ ಅಪರಾಧ. ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಅಂತ ಅಂಗೈಯಷ್ಟು ದೊಡ್ಡ ಸಾಧನ ಇದೆ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸುದ್ದಿ ಹೋಗಿ, ಅಲ್ಲಿಂದ ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಬರುತ್ತೆ. ಮೊಬೈಲ್ ಸಿಗ್ನಲ್ ಬೇಕಿಲ್ಲ. ಬ್ಲೂ ಮೌಂಟನ್ಸ್‌ಗೆ ಹೋಗುವವರಿಗೆ ಕಟೂಂಬಾ ಪೊಲೀಸ್ ಸ್ಟೇಷನ್ನಿನಲ್ಲಿ, ಬ್ಲಾಕ್‌ಹೀತ್‌ನ ಪಾರ್ಕ್ ಆಫೀಸಿನಲ್ಲಿ ಇದನ್ನು ದುಡ್ಡಿಲ್ಲದೆ ಎರವಲು ಕೊಡ್ತಾರೆ. ಆ ಸಲ ನನ್ನ ಹತ್ತಿರ ಅದು ಇರಲಿಲ್ಲ. ಎರಡೇ ದಿನ ಅಲ್ವಾ ಅಂತ ತರದೆ ಹೋಗಿದ್ದೆ. ವಾಪಸ್ ಬಂದ ವಾರವೇ ಸ್ವಂತದ್ದು ಕೊಂಡೆ.

ಹೋಗುವ ಜಾಗ, ಯಾವ ದಾರಿ, ಎಷ್ಟು ಹೊತ್ತಿಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ಹೇಳಬೇಕು ಅನ್ನುವುದನ್ನು ಒಬ್ಬರಿಗೆ ಬರೆದು ಕಳಿಸಿ. ಸುಮ್ನೆ 'ಬ್ಲೂ ಮೌಂಟನ್ಸ್‌ಗೆ ಹೋಗ್ತೀನಿ' ಅಂದರೆ 'ಮಲೆನಾಡಿಗೆ ಹೋಗ್ತೀನಿ' ಅಂದ ಹಾಗೆ, ಎಲ್ಲಿ ಅಂತ ಹುಡುಕ್ತಾರೆ? ದಾರಿಯಲ್ಲಿ ಸಿಕ್ಕವರಿಗೆ ಮಾತ್ರ ರಾತ್ರಿ ಎಲ್ಲಿ ಉಳಿಯುತ್ತೀರಿ ಅಂತ ಹೇಳಬೇಡಿ. ಫೋಟೋಗಳನ್ನು ಮನೆಗೆ ಬಂದ ಮೇಲೆ ಹಾಕಿ. ಯಾರನ್ನಾದರೂ ನೋಡಿ ಮನಸ್ಸಿಗೆ ಸರಿ ಬರಲಿಲ್ಲ ಅಂದರೆ ಕಾರಣ ಹುಡುಕುತ್ತಾ ಕೂರಬೇಡಿ, ಜಾಗ ಬಿಡಿ. ನಾನು ಒಮ್ಮೆ ಹಾಗೆ ಹಾಕಿದ ಟೆಂಟ್ ಕಿತ್ತು ಕಾರಿನಲ್ಲಿ ಮಲಗಿದ್ದೇನೆ. ಆ ಮನುಷ್ಯ ಒಳ್ಳೆಯವನೇ ಇರಬಹುದು, ನನಗೇನು ನಷ್ಟ?

ಟೆಂಟ್ ಹಾಕುವ ಮೊದಲು ತಲೆ ಎತ್ತಿ ನೋಡಿ. ನೀಲಗಿರಿ ಜಾತಿಯ ಮರಗಳು ಗಾಳಿ ಇಲ್ಲದೆಯೂ ಕೊಂಬೆ ಉದುರಿಸುತ್ತವೆ. ಅಂಥ ಕೊಂಬೆಗೆ ಇಲ್ಲಿಯ ಮರ ಕಡಿಯುವವರು 'ವಿಡೋ ಮೇಕರ್' ಅಂತಲೇ ಹೆಸರಿಟ್ಟಿದ್ದಾರೆ. ಇದು ಯಾವ ನರಿಗಿಂತಲೂ ಹೆಚ್ಚು ಹೆದರಬೇಕಾದ್ದು.

ಹಾವಿನ ಬಗ್ಗೆ ಒಂದೇ ಮಾತು. ಇಲ್ಲಿ ಕಚ್ಚಿದರೆ ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಕೈಗೋ ಕಾಲಿಗೋ ಪೂರ್ತಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡದೆ ಮಲಗಬೇಕು, ಗಾಯ ತೊಳೆಯಬಾರದು. ಬೇಸಿಗೆಯಲ್ಲಿ ಎರಡು ಬ್ಯಾಂಡೇಜ್ ಚೀಲದಲ್ಲಿರಲಿ. ಈ ಪದ್ಧತಿಯನ್ನು ಊರಿಗೆ ಒಯ್ಯಬೇಡಿ. ನಮ್ಮ ಕೊಳಕುಮಂಡಲದಂಥ ಹಾವಿಗೆ ಬಿಗಿ ಬ್ಯಾಂಡೇಜು ಕೆಡುಕು ಮಾಡುತ್ತೆ. ಅಲ್ಲಿ ಕೈಕಾಲು ಅಲುಗಿಸದೆ ನೇರ ಆಸ್ಪತ್ರೆ.

ಮತ್ತೆ ಒಂದು ಜಾಸ್ತಿ ಜಾಕೆಟ್, ಎರಡು ಟಾರ್ಚ್. ಎರಡೂ ಯಾಕೆ ಅಂತ ನಿಮಗೆ ಈಗ ಗೊತ್ತು.

ಮುದುಕ ಕ್ರಿಸ್‌ಮಸ್‌ಗೆ ಟಾರ್ಚ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ, ಹೊಸ ಬ್ಯಾಟರಿ ಹಾಕಿ. ಜೊತೆಗೆ ಒಂದು ಚೀಟಿ, ಆ ಕಂದು ಬಣ್ಣದ ಪಾನೀಯ ಏನು, ಎಲ್ಲಿ ಸಿಗುತ್ತೆ ಅಂತ. ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಲ್ಲಿಯವರೆಗೆ ಅವಳಿಗೆ ಈ ಕಥೆಯನ್ನೇ ಹೇಳಿರಲಿಲ್ಲ, ಬೈತಾಳೆ ಅಂತ. ಪೂರ್ತಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಮಾತಿಲ್ಲ.

"ಮೂರು ಸಲ ಕರೆದ ಮೇಲೇ ಓ ಅಂದಿದ್ದು ಅಲ್ದಾ?"

"ಹೌದಮ್ಮ."

"ಹಂಗಾದ್ರೆ ಸರಿ ಬಿಡು. ಕಷಾಯದ ಪುಡಿ ಇನ್ನೊಂದು ಡಬ್ಬಿ ಜಾಸ್ತಿ ಕಳಿಸ್ತೀನಿ, ಆ ಅಜ್ಜಂಗೂ ಕೊಡು ಮಾರಾಯ್ತಿ."