ಮಂಚಕ್ಕೆ ತೂಗುಹಾಕಿದ ಬಾಟಲಿ ಯಾರಿಗೆ?

ಪ್ರಶ್ನೆ: ಸೊಂಟದ ಮೂಳೆ ಮುರಿದು ಅತ್ತೆಗೆ ಆಪರೇಷನ್ ಆಗಿದೆ. ಹತ್ತು ದಿನದಿಂದ ಮೂತ್ರದ ನಳಿಕೆ ಇದೆ. ವಾರ್ಡಿನಲ್ಲಿ ಜೊತೆಗಿರುವವಳು ನಾನೇ. ಮಂಚದ ತುದಿಗೆ ಸ್ಯಾನಿಟೈಸರ್ ಬಾಟಲಿ ತೂಗುಹಾಕಿದ್ದಾರೆ. ಅದು ಸಿಬ್ಬಂದಿಗೆ ಮಾತ್ರವೋ, ನಾವೂ ಬಳಸಬಹುದೋ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಬಳಸಿ. ನಮ್ಮ ವಾರ್ಡುಗಳಲ್ಲಿ ರೋಗಿಯನ್ನು ಅತಿ ಹೆಚ್ಚು ಸಲ ಮುಟ್ಟುವುದು ಡಾಕ್ಟರೂ ಅಲ್ಲ, ಸಿಸ್ಟರೂ ಅಲ್ಲ, ಜೊತೆಗಿರುವ ಮನೆಯವರು. ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು ಎಲ್ಲ ನಿಮ್ಮ ಕೈಯಲ್ಲೇ ನಡೆಯುತ್ತದೆ.

ದಿನಕ್ಕೆ ಎಷ್ಟು ಸಲ ಕೈ ಉಜ್ಜಿದಿರಿ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಉಜ್ಜಿದಿರಿ ಎಂಬುದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ ಸಿಬ್ಬಂದಿಗೆ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಅಥವಾ ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮೊದಲು, ರಕ್ತ-ಮಲ-ಮೂತ್ರ ತಾಗುವ ಸಂಭವವಿದ್ದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಮಂಚ-ಲಾಕರ್ ಮುಟ್ಟಿದ ನಂತರ. ನೀವು ಇದನ್ನು ಹೀಗೆ ನೆನಪಿಡಿ: ಹೊರಗಿನಿಂದ ಬಂದು ಅತ್ತೆಯನ್ನು ಮುಟ್ಟುವ ಮುಂಚೆ, ಊಟ-ಮಾತ್ರೆ ಕೊಡುವ ಮುಂಚೆ, ಮೂತ್ರದ ಚೀಲ ಮುಟ್ಟುವ ಮುಂಚೆ ಮತ್ತು ಮುಟ್ಟಿದ ಮೇಲೆ, ಪಕ್ಕದ ಮಂಚದವರಿಗೆ ಕೈಯಾಸರೆ ಕೊಟ್ಟು ಮರಳಿದಾಗ.

ಅಂಗೈ ಗುಳಿ ತುಂಬುವಷ್ಟು ದ್ರವ ಬೇಕು. ಅಂಗೈಗೆ ಅಂಗೈ, ಕೈಯ ಹಿಂಬದಿ, ಬೆರಳ ಸಂದು, ಬೆರಳ ಬೆನ್ನು, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸುವುದು, ಕೊನೆಗೆ ಬೆರಳ ತುದಿಗಳನ್ನು ಅಂಗೈಯಲ್ಲಿ ಉಜ್ಜುವುದು. ಕೈ ತಾನಾಗಿ ಒಣಗಲು 20ರಿಂದ 30 ಸೆಕೆಂಡ್ ಹಿಡಿಯಬೇಕು. ಹತ್ತೇ ಸೆಕೆಂಡಿಗೆ ಒಣಗಿತೆಂದರೆ ಹಾಕಿಕೊಂಡದ್ದು ಸಾಲದು. ಅರ್ಧಕ್ಕೇ ಸೆರಗಿಗೆ ಒರೆಸಿಕೊಂಡರೆ ಉಜ್ಜಿದ್ದು ವ್ಯರ್ಥ. ಹೆಚ್ಚಿನವರಿಗೆ ತಪ್ಪಿಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ. ರೋಗಿಯನ್ನು ಮೊದಲು ತಾಗುವುದೂ ಅವೇ. ಉಂಗುರ ತೆಗೆದಿಡಿ, ಬಳೆಯನ್ನು ಮೇಲಕ್ಕೆ ಸರಿಸಿ.

ಚೀಲ ಖಾಲಿ ಮಾಡುವಾಗ ನಂಜಾಗುವುದು ಹೇಗೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಚೀಲ ಮೂರನೇ ಎರಡು ಭಾಗ ತುಂಬುವ ಮೊದಲೇ ಖಾಲಿ ಮಾಡಿ. ಕೆಳಗಿನ ನಲ್ಲಿಯ ಮೂತಿ ಜಗ್ಗಿನ ಅಂಚಿಗೆ ತಾಗಬಾರದು. ಮುಚ್ಚಿದ ಮೇಲೆ ಮೂತಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಆ ಜಗ್ಗು ಅತ್ತೆಗೆ ಮಾತ್ರ ಇರಲಿ. ಒಂದೇ ಜಗ್ಗು ನಾಲ್ಕು ಮಂಚ ಸುತ್ತಿದರೆ ನಾಲ್ವರ ರೋಗಾಣುಗಳನ್ನೂ ಹೊತ್ತು ತಿರುಗುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಸ್ಟ್ರೆಚರ್ ಮೇಲೆ ಒಯ್ಯುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವುದನ್ನು ಎಲ್ಲ ಕಡೆ ನೋಡುತ್ತೇವೆ. ಹಾಗಿಟ್ಟರೆ ಚೀಲದ ಮೂತ್ರ ಮೂತ್ರಕೋಶಕ್ಕೆ ವಾಪಸ್ ಹರಿಯುತ್ತದೆ. ನಳಿಕೆ-ಚೀಲ ಕೂಡುವ ಜಾಗವನ್ನು ಬಿಚ್ಚಲೇಬೇಡಿ.

ಇನ್ನೊಂದು ಮಾತು. ಹತ್ತು ದಿನ ದೀರ್ಘವಾಯಿತು. ನಳಿಕೆ ಇದ್ದಷ್ಟು ದಿನವೂ ಸೋಂಕಿನ ಸಂಭವ ಏರುತ್ತಲೇ ಇರುತ್ತದೆ. ನಾಳೆ ರೌಂಡ್ಸಿಗೆ ಬಂದಾಗ "ಡಾಕ್ಟ್ರೇ, ನಳಿಕೆ ಇನ್ನೂ ಬೇಕಾ?" ಎಂದು ಕೇಳಿ. ಕಾರಣವಿದ್ದರೆ ಹೇಳುತ್ತಾರೆ, ಇಲ್ಲದಿದ್ದರೆ ತೆಗೆಸುತ್ತಾರೆ.

ಪ್ರಶ್ನೆ: ಸಿಸ್ಟರ್ ಒಂದೇ ಗ್ಲೌಸಿನಲ್ಲಿ ಸಾಲಾಗಿ ನಾಲ್ಕೈದು ಮಂದಿಯನ್ನು ನೋಡುತ್ತಾರೆ. ಗ್ಲೌಸ್ ಹಾಕಿದ್ದಾರಲ್ಲ, ಸರಿಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಸರಿಯಲ್ಲ. ಆ ಗ್ಲೌಸ್ ಸಿಸ್ಟರ್ ಕೈಯನ್ನು ಕಾಯುತ್ತದೆ, ಎರಡನೇ ರೋಗಿಯನ್ನು ಕಾಯುವುದಿಲ್ಲ. ಒಬ್ಬ ರೋಗಿಗೆ ಒಂದು ಜೊತೆ. ಒಬ್ಬರಲ್ಲೇ ಮಲ ಒರೆಸಿದ ಗ್ಲೌಸಿನಲ್ಲಿ ಡ್ರಿಪ್ ಮುಟ್ಟುವಂತಿಲ್ಲ. ಗ್ಲೌಸಿನ ಮೇಲೆಯೇ ಸ್ಯಾನಿಟೈಸರ್ ಸವರುವುದೂ ಪರಿಹಾರವಲ್ಲ. ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗ ಹೊರಮೈ ಕೈಗೆ ತಾಗಬಹುದು. ಆದ್ದರಿಂದ ಕಳಚಿದ ಮೇಲೂ ಕೈ ಉಜ್ಜಲೇಬೇಕು. ಬರೀ ಬಿಪಿ ನೋಡುವುದಕ್ಕೆ, ಜ್ವರ ನೋಡುವುದಕ್ಕೆ ಸಾಮಾನ್ಯವಾಗಿ ಗ್ಲೌಸ್ ಬೇಕಿಲ್ಲ, ಉಜ್ಜಿದ ಬರಿಗೈ ಸಾಕು. "ಸಿಸ್ಟರ್, ಇವರಿಗೆ ಬೇರೆ ಗ್ಲೌಸ್ ಹಾಕ್ಕೊಳ್ತೀರಾ?" ಎಂದು ಮೆಲ್ಲಗೆ ಕೇಳಿ. ಮೂವತ್ತು ಮಂಚಕ್ಕೆ ಇಬ್ಬರೇ ಸಿಸ್ಟರ್ ಇದ್ದಾಗ ಇಂಥ ತಪ್ಪು ಆಗುತ್ತದೆ. ಅದಕ್ಕೆ ಹೊಣೆ ಅವರೊಬ್ಬರದೇ ಅಲ್ಲ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಹ್ಯಾಂಡ್‌ ರಬ್ (ಆಲ್ಕೋಹಾಲ್ ಇರುವ ಸ್ಯಾನಿಟೈಸರ್) ಹಾಕಿದರೆ ಕೈ ಉರಿಯುತ್ತದೆ, ಬೆರಳ ಗೆಣ್ಣು ಬಿರಿದಿದೆ. ಹಾಗಾಗಿ ಸೋಪನ್ನೇ ಬಳಸುತ್ತಿದ್ದೇನೆ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಉರಿ ಗೊತ್ತಾಗುವುದು ಹ್ಯಾಂಡ್‌ ರಬ್‌ನಿಂದ, ಆದರೆ ಚರ್ಮ ಕೆಡಿಸಿದ್ದು ಬಹುತೇಕ ಸೋಪು. ಪದೇ ಪದೇ ಸೋಪು ಹಾಕಿದರೆ ಚರ್ಮದ ಎಣ್ಣೆಯಂಶ ತೊಳೆದುಹೋಗುತ್ತದೆ, ಬಿರುಕಿಗೆ ಆಲ್ಕೋಹಾಲ್ ತಾಗಿ ಉರಿಯುತ್ತದೆ. ಉರಿಗೆ ಹೆದರಿ ಮತ್ತೆ ಸೋಪಿಗೇ ಹೋದರೆ ಬಿರುಕು ಹೆಚ್ಚುತ್ತದೆ. ಕೈ ಕಣ್ಣಿಗೆ ಕೊಳೆ ಕಂಡಾಗ, ರಕ್ತ-ಮಲ ತಾಗಿದಾಗ, ಶೌಚದ ನಂತರ ಸೋಪು. ಉಳಿದ ಹೊತ್ತೆಲ್ಲ ಗ್ಲಿಸರಿನ್ ಇರುವ ಹ್ಯಾಂಡ್‌ ರಬ್. ಸೋಪಿನಲ್ಲಿ ತೊಳೆದ ಬೆನ್ನಿಗೇ ರಬ್ ಹಾಕುವ ರೂಢಿ ಬಿಡಿ. ಬಿಸಿನೀರು ಬೇಡ. ತೊಳೆದ ಕೈಯನ್ನು ತಿಕ್ಕದೆ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಗ್ಲೌಸ್ ಹಾಕಿ. ಡ್ಯೂಟಿ ಮುಗಿದ ಮೇಲೆ, ಮಲಗುವ ಮುಂಚೆ ಕ್ರೀಮ್ ಹಚ್ಚಿ. ಡ್ಯೂಟಿಯಲ್ಲಿ ವ್ಯಾಸಲೀನ್‌ನಂಥ ಜಿಡ್ಡು ಬೇಡ, ಅದು ಲೇಟೆಕ್ಸ್ ಗ್ಲೌಸನ್ನು ಕೆಡಿಸುತ್ತದೆ. ಎರಡು ವಾರದಲ್ಲಿ ತಗ್ಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಬಿರಿದ ಚರ್ಮದಲ್ಲಿ ರೋಗಾಣು ಬೇಗ ನೆಲೆಯೂರುತ್ತದೆ, ನಿಮಗೂ ರೋಗಿಗೂ ಅಪಾಯ.

ಪ್ರಶ್ನೆ: ನಮ್ಮದು ಸಣ್ಣ ನರ್ಸಿಂಗ್ ಹೋಮ್. ದ್ರವ ಸೋಪಿನ ಡಬ್ಬಿ ಖಾಲಿಯಾಗುವ ಮೊದಲೇ ಕ್ಯಾನಿನಿಂದ ತುಂಬಿಸುತ್ತೇವೆ. ಹ್ಯಾಂಡ್‌ ರಬ್ ನಾವೇ ತಯಾರಿಸಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: ಉಳಿದದ್ದರ ಮೇಲೆ ಸುರಿಯಬೇಡಿ. ತಳದ ಹಳೇ ಸೋಪಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹೊಸ ಸೋಪು ಅದಕ್ಕೆ ಆಹಾರವಾಗುತ್ತದೆ. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ, ತುಂಬಿದ ತಾರೀಖು ಬರೆದು ಇಡಿ.

ಹ್ಯಾಂಡ್‌ ರಬ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದೆ. 10 ಲೀಟರಿಗೆ ಶೇ. 96ರ ಎಥನಾಲ್ 8,333 ಮಿಲಿ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, ಶೇ. 98ರ ಗ್ಲಿಸರಿನ್ 145 ಮಿಲಿ. ಉಳಿದದ್ದು ಕುದಿಸಿ ಆರಿಸಿದ ಅಥವಾ ಡಿಸ್ಟಿಲ್ಡ್ ನೀರು. ಬಾಟಲಿಗೆ ತುಂಬಿ 72 ಗಂಟೆ ಹಾಗೇ ಇಡಬೇಕು. ಆಲ್ಕೋಹಾಲಿನಲ್ಲೋ ಬಾಟಲಿಯಲ್ಲೋ ಇರುವ ಬೀಜಕಗಳು (ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಬ್ಯಾಕ್ಟೀರಿಯಾ) ಅಷ್ಟರಲ್ಲಿ ಪೆರಾಕ್ಸೈಡಿಗೆ ಸಾಯುತ್ತವೆ. ನೀರು ಕಮ್ಮಿ ಮಾಡಿದರೆ ಇನ್ನೂ ಚುರುಕಾದೀತು ಎಂದು ಭಾವಿಸಬೇಡಿ. ರೋಗಾಣುವಿನ ಪ್ರೋಟೀನ್ ಕೆಡಿಸಲು ಆಲ್ಕೋಹಾಲಿಗೆ ನೀರಿನ ಜೊತೆ ಬೇಕೇ ಬೇಕು. ಫಾರ್ಮಸಿಸ್ಟ್ ಉಸ್ತುವಾರಿ ಇಲ್ಲದೆ, ಆಲ್ಕೋಹಾಲ್ ಮೀಟರಿನಲ್ಲಿ ಅಳೆಯದೆ, ಒಲೆ-ಸ್ವಿಚ್ಚುಗಳ ಹತ್ತಿರ ಇದನ್ನು ಮಾಡುವಂತಿಲ್ಲ. ಅಷ್ಟು ಅನುಕೂಲವಿಲ್ಲದಿದ್ದರೆ ಕೊಂಡು ತರುವುದೇ ಮೇಲು.

ಪ್ರಶ್ನೆ: ವಾರ್ಡಿನಲ್ಲಿ ಒಬ್ಬರಿಗೆ ಭೇದಿ. ಸ್ಯಾನಿಟೈಸರ್ ಸಾಕೇ?
— ಓದುಗರೊಬ್ಬರು, ಉಡುಪಿ

ಉತ್ತರ: ಸಾಲದು. ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಭೇದಿ ತರುವ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್‌ನ ಬೀಜಕಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದು ಕಳಿಸಬೇಕು. ತೊಳೆದು ಒರೆಸುವುದು ಸೇರಿ 40ರಿಂದ 60 ಸೆಕೆಂಡ್. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಇನ್ನೊಬ್ಬರು ಚೊಂಬಿನಿಂದ ಸುರಿಯಲಿ. ಬಕೆಟ್ಟಿನಲ್ಲಿ ಕೈ ಅದ್ದಬೇಡಿ. ಎಲ್ಲರೂ ಒರೆಸುವ ಟವೆಲ್ಲಿಗೆ ಒರೆಸಬೇಡಿ, ಪೇಪರ್ ಇಲ್ಲದಿದ್ದರೆ ಗಾಳಿಗೆ ಆರಲಿ. ಆ ರೋಗಿ ಬಳಸಿದ ಶೌಚಾಲಯದ ಚಿಲಕ, ನಲ್ಲಿ ತಿರುಪುಗಳನ್ನು ಬರೀ ಫಿನಾಯಿಲ್‌ನಿಂದಲ್ಲ, ಬ್ಲೀಚಿಂಗ್ ದ್ರಾವಣದಿಂದ ಒರೆಸಲು ಹೇಳಿ.